ಸಬ್ಸಿಡಿ ಕೊಡದಿದ್ದರೂ ಕಾರ್ಖಾನೆ ಬರುತ್ತಿತ್ತೇ?

ಮಾನ್ಯ ಸಂಪಾದಕರೇ,

ಹೂಡಿಕೆ ಸಮಾವೇಶ ಮುಗಿದ ಮರುದಿನ ಪತ್ರಿಕೆಗಳ ಮುಖಪುಟದಲ್ಲಿ ಎರಡು ಅಂಕಿ ತಪ್ಪದೆ ಇರುತ್ತವೆ: ಇಷ್ಟು ಸಾವಿರ ಕೋಟಿ ಹೂಡಿಕೆ, ಇಷ್ಟು ಸಾವಿರ ಉದ್ಯೋಗ. ಮೂರನೆಯ ಅಂಕಿಯೊಂದಿದೆ, ಅದು ಎಲ್ಲೂ ಅಚ್ಚಾಗುವುದಿಲ್ಲ. ತೆರಿಗೆ ವಿನಾಯಿತಿ, ಬಂಡವಾಳ ಸಹಾಯಧನ, ಕಡಿಮೆ ದರದ ಭೂಮಿ, ನೀರು, ವಿದ್ಯುತ್ತು ಇವೇನನ್ನೂ ಸರ್ಕಾರ ಕೊಡದೆ ಹೋಗಿದ್ದರೆ ಆ ಉದ್ಯೋಗಗಳಲ್ಲಿ ಎಷ್ಟು ಹುಟ್ಟುತ್ತಿರಲಿಲ್ಲ ಎಂಬುದೇ ಆ ಅಂಕಿ. ಪ್ರಾದೇಶಿಕ ಕೈಗಾರಿಕಾ ನೀತಿಯ ಒಳಿತು ಕೆಡುಕಿನ ಚರ್ಚೆ ಇಲ್ಲಿಂದಲೇ ಶುರುವಾಗಬೇಕು. ನಮ್ಮಲ್ಲಿ ಅದು ಸೆಜ್ (ವಿಶೇಷ ಆರ್ಥಿಕ ವಲಯ) ಬೇಕೋ ಬೇಡವೋ, ಯಾವ ರಾಜ್ಯ ಮುಂದೆ, ಯಾವುದು ಹಿಂದೆ ಎಂಬಲ್ಲಿಗೆ ಬಂದು ನಿಂತುಬಿಡುತ್ತದೆ.

ಲೆಕ್ಕ ಕಷ್ಟದ್ದಲ್ಲ. ಒಂದು ಪ್ರದೇಶ ಹತ್ತು ಕಂಪನಿಗಳಿಗೆ ಒಟ್ಟು 100 ಕೋಟಿ ಕೊಟ್ಟಿತು, 5,000 ಮಂದಿಗೆ ಕೆಲಸ ಸಿಕ್ಕಿತು ಎಂದುಕೊಳ್ಳಿ. ಒಂದು ಉದ್ಯೋಗಕ್ಕೆ 2 ಲಕ್ಷ ಬಿತ್ತು, ಅಗ್ಗವೆಂದೇ ಅನ್ನಿಸುತ್ತದೆ. ಈಗ ಹತ್ತರಲ್ಲಿ ಎಂಟು ಕಂಪನಿಗಳು ಬಂದರು ಹತ್ತಿರವಿದೆಯೆಂದೋ, ನುರಿತ ಕೆಲಸಗಾರರಿದ್ದಾರೆಂದೋ, ಗಿರಾಕಿಗಳು ಇಲ್ಲೇ ಇದ್ದಾರೆಂದೋ ಹೇಗಿದ್ದರೂ ಬರುವವೇ ಆಗಿದ್ದವು ಎನ್ನಿ. ಆಗ ಸಬ್ಸಿಡಿಯಿಂದ ಹುಟ್ಟಿದ ಕೆಲಸ 1,000 ಮಾತ್ರ, ತಲಾ ವೆಚ್ಚ 10 ಲಕ್ಷ. ಆ ಸಾವಿರದಲ್ಲಿ 400 ಮಂದಿ ಅಕ್ಕಪಕ್ಕದ ಸಣ್ಣ ಕಾರ್ಖಾನೆಗಳಿಂದ ಎದ್ದು ಬಂದವರು, ಅವರು ಬಿಟ್ಟ ಜಾಗ ತುಂಬಲಿಲ್ಲ ಎಂದಾದರೆ ಉಳಿದದ್ದು 600. ತಲಾ ವೆಚ್ಚ 16 ಲಕ್ಷ ದಾಟಿತು. ಇನ್ನು ಸರ್ಕಾರದ ಪರವಾಗಿಯೂ ಒಂದು ಮಾತು ಸೇರಿಸೋಣ. ಹೊಸ ಸಂಬಳ ಊರಲ್ಲಿ ಖರ್ಚಾಗುವುದರಿಂದ ಪ್ರತಿ ಎರಡು ಕೆಲಸಕ್ಕೆ ಇನ್ನೊಂದು ಕೆಲಸ ಅಂಗಡಿ, ಸಾಗಣೆ, ದುರಸ್ತಿ ಇತ್ಯಾದಿಗಳಲ್ಲಿ ಹುಟ್ಟಿತು ಎಂದಿಟ್ಟುಕೊಂಡರೆ ಒಟ್ಟು 900. ಅಂತೂ 2 ಲಕ್ಷವೆಂದು ಹೊರಟದ್ದು 11 ಲಕ್ಷಕ್ಕೆ ಬಂದು ನಿಂತಿತು. ಹನ್ನೊಂದಾದರೂ ಕೊಡಬಹುದು ಎನ್ನುವ ಸಂದರ್ಭಗಳಿರಬಹುದು. ಎರಡು ಎಂದು ನಂಬಿ ಕೊಡುವುದಕ್ಕೂ ಹನ್ನೊಂದು ಎಂದು ತಿಳಿದು ಕೊಡುವುದಕ್ಕೂ ಬಹಳ ಅಂತರವಿದೆ.

'ಹತ್ತರಲ್ಲಿ ಎಂಟು' ಎಂದದ್ದು ಬಾಯಿಗೆ ಬಂದ ಸಂಖ್ಯೆಯಲ್ಲ. ಅಮೆರಿಕದ ಅಪ್‌ಜಾನ್ ಸಂಸ್ಥೆಯ ಅರ್ಥಶಾಸ್ತ್ರಜ್ಞ ಟಿಮೊಥಿ ಬಾರ್ಟಿಕ್ 2018ರಲ್ಲಿ ಈ ಬಗೆಯ ಸುಮಾರು 30 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಉತ್ತೇಜನ ಪಡೆದ ಕಂಪನಿಗಳಲ್ಲಿ ಆ ಉತ್ತೇಜನದಿಂದಲೇ ನಿರ್ಧಾರ ಬದಲಿಸಿದವುಗಳ ಪಾಲು ಶೇ 2ರಿಂದ ಶೇ 25ರ ನಡುವೆ ಇತ್ತು. ಮೇಲಿನ ಉದಾಹರಣೆಯಲ್ಲಿ ಹಿಡಿದಿರುವ ಶೇ 20 ಆ ಶ್ರೇಣಿಯ ಮೇಲ್ತುದಿಗೆ ಹತ್ತಿರದ್ದು, ಅಂದರೆ ಉದಾರವಾಗಿಯೇ ಹಿಡಿದದ್ದು.

ಹೀಗೇಕಾಗುತ್ತದೆ? ಕಾರ್ಖಾನೆಯ ಜಾಗ ಆಯ್ಕೆ ಮಾಡುವಾಗ ಕಂಪನಿಯೊಳಗೆ ಒಂದು ಪಟ್ಟಿ ತಯಾರಾಗುತ್ತದೆ. ಕೂಲಿ, ಕೌಶಲ, ಸಾಗಣೆ, ಕಚ್ಚಾವಸ್ತು, ವಿದ್ಯುತ್ತಿನ ಭರವಸೆ ಎಲ್ಲಕ್ಕೂ ಅಂಕ ಬೀಳುತ್ತದೆ. ಕೊನೆಗೆ ಎರಡೋ ಮೂರೋ ಜಾಗ ಉಳಿಯುತ್ತವೆ. ಅಷ್ಟರಲ್ಲಿ ಮೊದಲ ಆಯ್ಕೆ ಯಾವುದೆಂದು ಒಳಗಿನವರಿಗೆ ಸಾಮಾನ್ಯವಾಗಿ ಗೊತ್ತಾಗಿರುತ್ತದೆ, ಹೊರಗಿರುವ ಸರ್ಕಾರಗಳಿಗೆ ಗೊತ್ತಿರುವುದಿಲ್ಲ. ಉಳಿದ ಎರಡು ಜಾಗಗಳ ಹೆಸರು ಚೌಕಾಸಿಗೆ ಒದಗುತ್ತದೆ. ಈ ಹರಾಜಿನಲ್ಲಿ ಗೆಲ್ಲುವುದು ಯೋಜನೆಯ ಲಾಭವನ್ನು ಅತಿ ಹೆಚ್ಚಾಗಿ ಅಂದಾಜು ಮಾಡಿಕೊಂಡ ಪ್ರದೇಶ. ಗೆದ್ದವರು ಗೆದ್ದ ಕಾರಣಕ್ಕೇ ಕೈ ಸುಟ್ಟುಕೊಳ್ಳುತ್ತಾರೆ. 2017ರಲ್ಲಿ ಅಮೆಜಾನ್ ಎರಡನೇ ಮುಖ್ಯ ಕಚೇರಿಗೆ ಅರ್ಜಿ ಕರೆದಾಗ 238 ಕಡೆಗಳಿಂದ ಪ್ರಸ್ತಾವ ಹೋದವು. ಕಂಪನಿ ಅಂತಿಮವಾಗಿ ಆರಿಸಿದ್ದು ನ್ಯೂಯಾರ್ಕ್ ಮತ್ತು ವಾಷಿಂಗ್ಟನ್‌ಗೆ ಹೊಂದಿದ ಉತ್ತರ ವರ್ಜೀನಿಯಾವನ್ನು. ಪ್ರತಿಭೆ ಎಲ್ಲಿ ರಾಶಿ ಬಿದ್ದಿದೆಯೆಂದು ಶಾಲಾ ಹುಡುಗನನ್ನು ಕೇಳಿದರೂ ಹೇಳಬಹುದಾದ ಎರಡು ಜಾಗಗಳು. ಜನರ ವಿರೋಧ ಬಂದು ನ್ಯೂಯಾರ್ಕ್ ಒಪ್ಪಂದ 2019ರಲ್ಲಿ ಮುರಿದುಬಿತ್ತು.

ಒಪ್ಪಂದ ಬರೆಯುವ ಕಲೆಯ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ, ಆದರೆ ಹಣ ಉಳಿಯುವುದೂ ಹೋಗುವುದೂ ಅಲ್ಲೇ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 2017ರಲ್ಲಿ ತೈವಾನಿನ ಎಲೆಕ್ಟ್ರಾನಿಕ್ಸ್ ಕಂಪನಿ ಫಾಕ್ಸ್‌ಕಾನ್‌ಗೆ ಸುಮಾರು 300 ಕೋಟಿ ಡಾಲರ್ ಉತ್ತೇಜನ ಒಪ್ಪಿಕೊಂಡಿತು. ಕಂಪನಿಯ ಕಡೆಯಿಂದ ಬರಬೇಕಾದದ್ದು 1,000 ಕೋಟಿ ಡಾಲರ್ ಹೂಡಿಕೆ, 13,000 ಉದ್ಯೋಗ. ಹೇಳಿದ ಎಲ್‌ಸಿಡಿ ಕಾರ್ಖಾನೆ ಏಳಲಿಲ್ಲ. 2021ರಲ್ಲಿ ಒಪ್ಪಂದವನ್ನು ತಿದ್ದಿ ಬರೆದು ಉತ್ತೇಜನವನ್ನು 8 ಕೋಟಿ ಡಾಲರಿಗೆ, ಉದ್ಯೋಗವನ್ನು 1,454ಕ್ಕೆ ಇಳಿಸಲಾಯಿತು. ಇದನ್ನು ಬರೀ ಮೋಸದ ಕಥೆಯಾಗಿ ಹೇಳುವವರು ಒಂದು ವಿವರ ಬಿಟ್ಟುಬಿಡುತ್ತಾರೆ. ರಾಜ್ಯದ ತೆರಿಗೆ ಕ್ರೆಡಿಟ್ಟು ಕೆಲಸಕ್ಕೆ ತೆಗೆದುಕೊಂಡ ಮೇಲೆ ಸಿಗುವಂತೆ ಬರೆದಿತ್ತು. ಗುರಿ ಮುಟ್ಟದೆ ಹೋದದ್ದರಿಂದ ಆ ದೊಡ್ಡ ಮೊತ್ತದ ಬಹುಪಾಲು ಖಜಾನೆ ಬಿಟ್ಟು ಹೊರಡಲೇ ಇಲ್ಲ. ಪೆಟ್ಟು ಬಿದ್ದದ್ದು ಸ್ಥಳೀಯ ಸಂಸ್ಥೆಗಳಿಗೆ. ಭೂಮಿ ಕೊಂಡು, ರಸ್ತೆ ಅಗಲ ಮಾಡಿ, ನೀರಿನ ಕೊಳವೆ ಎಳೆಯಲು ಅವು ಮುಂಗಡವಾಗಿ ಸಾಲ ಮಾಡಿದ್ದವು. ರಾಜ್ಯದ ಹಣಕ್ಕೆ ಷರತ್ತಿನ ಬೇಲಿ ಇತ್ತು, ಹಳ್ಳಿಯ ಹಣ ಮೊದಲ ದಿನವೇ ಮಣ್ಣಿಗೆ ಇಳಿದಿತ್ತು.

ಷರತ್ತಿನ ಅವಧಿ ಗಿಡ್ಡವಾದರೆ ಏನಾಗುತ್ತದೆ ಎನ್ನುವುದಕ್ಕೆ ಜರ್ಮನಿಯ ಬೋಖುಮ್ ಇದೆ. ಸಾರ್ವಜನಿಕ ಸಹಾಯಧನ ಪಡೆದಿದ್ದ ನೋಕಿಯಾ 2008ರಲ್ಲಿ ಅಲ್ಲಿನ ಘಟಕ ಮುಚ್ಚಿ, ಸುಮಾರು 2,300 ಕೆಲಸಗಳನ್ನು ಕೈಬಿಟ್ಟು, ತಯಾರಿಕೆಯನ್ನು ರುಮೇನಿಯಾದ ಕ್ಲುಜ್ ಬಳಿಗೆ ಒಯ್ದಿತು. ಕೊಟ್ಟ ಹಣ ಹಿಂದಿರುಗಿಸಿ ಎಂದು ರಾಜ್ಯ ಸರ್ಕಾರ ಪಟ್ಟು ಹಿಡಿಯಿತು, ಜಗಳ ರಾಜಿಯಲ್ಲಿ ಮುಗಿಯಿತು. 2011ರಲ್ಲಿ ಕ್ಲುಜ್ ಘಟಕಕ್ಕೂ ಬೀಗ ಬಿತ್ತು.

ಇಂಥ ಅನುಭವಗಳಿಂದ ಯುರೋಪಿಯನ್ ಒಕ್ಕೂಟ ಪ್ರಾದೇಶಿಕ ನೆರವಿಗೆ ಕೆಲವು ನಿಯಮ ಮಾಡಿಕೊಂಡಿದೆ. ನೇರವಾಗಿ ನಕಲು ಮಾಡಬಹುದಾದಷ್ಟು ಸರಳ ನಿಯಮಗಳು. ಕಾಮಗಾರಿ ಆರಂಭವಾಗುವ ಮೊದಲೇ ಅರ್ಜಿ ಬಂದಿರಬೇಕು. ಅಡಿಪಾಯ ಹಾಕಿ, ಯಂತ್ರಕ್ಕೆ ಆರ್ಡರು ಕೊಟ್ಟು, ಆಮೇಲೆ ಸಹಾಯಧನ ಕೇಳುವವನಿಗೆ ಸಹಾಯಧನ ಬೇಕಿರಲಿಲ್ಲ ಎಂಬುದಕ್ಕೆ ಅವನ ಆರ್ಡರೇ ಸಾಕ್ಷಿ. ಅರ್ಹ ವೆಚ್ಚದಲ್ಲಿ ಕನಿಷ್ಠ ಶೇ 25 ಭಾಗ ಯಾವ ಸಾರ್ವಜನಿಕ ನೆರವೂ ಸೋಕದ ಕಂಪನಿಯ ಸ್ವಂತ ಹಣವಾಗಿರಬೇಕು. ಹೂಡಿಕೆ ಮುಗಿದ ಮೇಲೆ ಅದು ಅದೇ ಪ್ರದೇಶದಲ್ಲಿ ಐದು ವರ್ಷ ಉಳಿಯಬೇಕು, ಸಣ್ಣ ಮತ್ತು ಮಧ್ಯಮ ಉದ್ದಿಮೆಯಾದರೆ ಮೂರು ವರ್ಷ. ಒಕ್ಕೂಟದ ಇನ್ನೊಂದು ಮೂಲೆಯಲ್ಲಿ ಅದೇ ಕೆಲಸ ನಿಲ್ಲಿಸಿ ಇಲ್ಲಿಗೆ ಎತ್ತಿಕೊಂಡು ಬಂದದ್ದಾದರೆ ನೆರವಿಲ್ಲ. ಅರ್ಜಿಯ ಹಿಂದಿನ ಎರಡು ವರ್ಷ ಹಾಗೆ ಮಾಡಿಲ್ಲ, ಹೂಡಿಕೆ ಮುಗಿದ ಮೇಲಿನ ಎರಡು ವರ್ಷ ಮಾಡುವುದೂ ಇಲ್ಲ ಎಂದು ಕಂಪನಿ ಬರೆದುಕೊಡಬೇಕು. ಈ ಕೊನೆಯ ನಿಯಮವಿಲ್ಲದ ಕಡೆ ಪಕ್ಕಪಕ್ಕದ ಪ್ರದೇಶಗಳು ಒಂದೇ ಕಾರ್ಖಾನೆಯನ್ನು ಅತ್ತ ಇತ್ತ ಎಳೆದಾಡುತ್ತವೆ. ದೇಶದ ಒಟ್ಟು ಲೆಕ್ಕದಲ್ಲಿ ಹುಟ್ಟಿದ್ದು ಸೊನ್ನೆ, ಖರ್ಚಾದದ್ದು ಎರಡು ಸಲ.

ಇವಕ್ಕೆ ಸೇರಿಸಬೇಕಾದ ಇನ್ನೆರಡಿವೆ. ಉದ್ಯೋಗದ ಸಂಖ್ಯೆಯನ್ನು ಒಪ್ಪಂದದಲ್ಲಿ 'ಸೃಷ್ಟಿಯಾಗುವ ಉದ್ಯೋಗ' ಎಂದು ಬರೆಯಬಾರದು. ಇಂತಿಂಥ ತಾರೀಖಿಗೆ ಭವಿಷ್ಯನಿಧಿಗೆ ಹಣ ಕಟ್ಟಿದ ಪೂರ್ಣಾವಧಿ ನೌಕರರು ಎಷ್ಟು, ಅವರ ಸರಾಸರಿ ಸಂಬಳ ಎಷ್ಟು ಎಂದು ಬರೆಯಬೇಕು. ಹಾಗಿಲ್ಲದಿದ್ದರೆ ಕಟ್ಟಡ ಕಟ್ಟಿದ ಕೂಲಿಯವರೂ ಕ್ಯಾಂಟೀನಿನ ಗುತ್ತಿಗೆಯವರೂ ಲೆಕ್ಕದೊಳಗೆ ಬಂದು ಕೂರುತ್ತಾರೆ. ಮತ್ತೆ, ಗುರಿಯ ಶೇ 70 ಮುಟ್ಟಿದರೆ ಶೇ 70 ಹಣ ಎಂಬ ಇಳಿಜಾರು ಇರಬೇಕು. ಶೇ 99 ಆದರೆ ಏನೂ ಇಲ್ಲ, ನೂರಾದರೆ ಪೂರ್ತಿ ಎಂಬ ಕಡಿದಾದ ಗೋಡೆ ಕಟ್ಟಿದರೆ ತಪಾಸಣೆಯ ತಿಂಗಳಲ್ಲಿ ನೂರು ಮಂದಿಯನ್ನು ತೆಗೆದುಕೊಂಡು ಮುಂದಿನ ತಿಂಗಳು ಮನೆಗೆ ಕಳಿಸುವುದಕ್ಕೆ ಸರ್ಕಾರವೇ ದಾರಿ ಮಾಡಿಕೊಟ್ಟಂತೆ.

ಹಣವನ್ನು ಯಾರಿಗೆ ಕೊಟ್ಟರೆ ಫಲ ಎಂಬ ಪ್ರಶ್ನೆಗೆ ಬ್ರಿಟನ್ನಿನಿಂದ ಒಂದು ಚೊಕ್ಕ ಉತ್ತರ ಬಂದಿದೆ. ಹಿಂದುಳಿದ ಪ್ರದೇಶಗಳ ನಕ್ಷೆಯನ್ನು ಯುರೋಪಿನ ನಿಯಮದಂತೆ ಕಾಲಕಾಲಕ್ಕೆ ಬದಲಿಸುತ್ತಿದ್ದರು. ಹೀಗಾಗಿ ಕೆಲವು ಊರುಗಳು ತಮ್ಮ ಗುಣದೋಷಕ್ಕೆ ಸಂಬಂಧವಿಲ್ಲದ ಕಾರಣಕ್ಕೆ ಸಹಾಯಧನದ ಒಳಗೆ ಬಂದವು, ಕೆಲವು ಹೊರಗೆ ಹೋದವು. ಅರ್ಥಶಾಸ್ತ್ರಜ್ಞೆ ಕ್ರಿಸ್ಕುವೊಲೊ ಮತ್ತು ಸಂಗಡಿಗರು ಈ ಏರಿಳಿತ ಹಿಡಿದು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೂಡಿಕೆಯ ಗರಿಷ್ಠ ಸಹಾಯಧನ ಹತ್ತು ಶೇಕಡಾಂಶ ಏರಿದರೆ ಆ ಪ್ರದೇಶದ ತಯಾರಿಕಾ ಉದ್ಯೋಗ ಸುಮಾರು ಶೇ 10 ಏರಿತು. ಅಷ್ಟು ಓದಿ ಸಬ್ಸಿಡಿ ಪರವಾದವರು ಚಪ್ಪಾಳೆ ತಟ್ಟಬಹುದು. ಆದರೆ ಆ ಏರಿಕೆ ಬಂದದ್ದೆಲ್ಲ ಸಣ್ಣ ಸಂಸ್ಥೆಗಳಲ್ಲಿ. ದೊಡ್ಡ ಕಂಪನಿಗಳು ಹಣ ತೆಗೆದುಕೊಂಡವು, ಕೆಲಸ ಹೆಚ್ಚಿಸಲಿಲ್ಲ. ದೊಡ್ಡ ಕಂಪನಿಗೆ ಬ್ಯಾಂಕ್ ಸಾಲವೂ ಷೇರುಪೇಟೆಯೂ ಇವೆ, ಲಾಭ ಬರುವ ಯೋಜನೆಯಾದರೆ ಅದು ಹೇಗಾದರೂ ಮಾಡುತ್ತದೆ. ಇಪ್ಪತ್ತು ಮಂದಿಯ ಕಾರ್ಖಾನೆಗೆ ಅಡಮಾನಕ್ಕೆ ಇಡಲು ಏನೂ ಉಳಿದಿರುವುದಿಲ್ಲ, ಹೊಸ ಯಂತ್ರ ಬರುವುದೋ ಇಲ್ಲವೋ ಎಂಬುದು ಆ ನೆರವಿನ ಮೇಲೆಯೇ ನಿಂತಿರುತ್ತದೆ. ಕೊಡದಿದ್ದರೂ ಆಗುತ್ತಿತ್ತೇ ಎಂಬ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ಹೆಚ್ಚಾಗಿ ಸಿಗುವುದು ಇಲ್ಲಿ.

ಎದುರು ಸಾಕ್ಷ್ಯವನ್ನೂ ಮುಚ್ಚಿಡಬಾರದು. ಗ್ರೀನ್‌ಸ್ಟೋನ್, ಹಾರ್ನ್‌ಬೆಕ್ ಮತ್ತು ಮೊರೆಟಿ ಎಂಬ ಅರ್ಥಶಾಸ್ತ್ರಜ್ಞರು 2010ರಲ್ಲಿ ಅಮೆರಿಕದ ಕೌಂಟಿಗಳನ್ನು (ನಮ್ಮ ಜಿಲ್ಲೆಗಳಂಥವು) ಹೋಲಿಸಿದರು. ದೊಡ್ಡ ಕಾರ್ಖಾನೆ ಗೆದ್ದ ಕೌಂಟಿ ಒಂದು ಕಡೆ, ಕೊನೆಯ ಸುತ್ತಿನಲ್ಲಿ ಸೋತದ್ದು ಇನ್ನೊಂದು ಕಡೆ. ಗೆದ್ದ ಕಡೆಯ ಹಳೆಯ ಕಾರ್ಖಾನೆಗಳ ಉತ್ಪಾದಕತೆ ಐದು ವರ್ಷದ ನಂತರ ಸುಮಾರು ಶೇ 12 ಹೆಚ್ಚಿತ್ತು. ಕಾರ್ಮಿಕರನ್ನೂ ತಂತ್ರಜ್ಞಾನವನ್ನೂ ಹಂಚಿಕೊಳ್ಳುವ ಉದ್ದಿಮೆಗಳಲ್ಲಿ ಇನ್ನೂ ಹೆಚ್ಚು. 2020ರಲ್ಲಿ ಸ್ಲಾಟರಿ ಮತ್ತು ಝೈಡರ್ ವಿಸ್ತಾರವಾದ ಮಾಹಿತಿಯೊಂದಿಗೆ ನೋಡಿದಾಗ, ಒಂದೊಂದು ಕಂಪನಿಗೆ ಕೊಟ್ಟ ಉತ್ತೇಜನ ಇಡೀ ಪ್ರದೇಶದ ಬೆಳವಣಿಗೆಗೆ ಹರಿದದ್ದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಎರಡನ್ನೂ ಒಟ್ಟಿಗೆ ಓದಿದರೆ ನನಗೆ ಕಾಣುವುದಿಷ್ಟು: ಬಂದ ಕಾರ್ಖಾನೆಯ ಸುತ್ತ ಅದಕ್ಕೆ ಬಿಡಿಭಾಗ ಕೊಡಬಲ್ಲ, ಅದರಿಂದ ಕಲಿಯಬಲ್ಲ ಸಂಸ್ಥೆಗಳು ಮೊದಲೇ ಇದ್ದರೆ ಹರಿವು ಇದೆ, ಇಲ್ಲದಿದ್ದರೆ ಇಲ್ಲ. ಇಟಲಿಯ ದಕ್ಷಿಣ ಭಾಗಕ್ಕಾಗಿ 1950ರಲ್ಲಿ ಹುಟ್ಟಿದ ಕಾಸ್ಸಾ ಎಂಬ ನಿಧಿ 1984ರವರೆಗೆ ನಡೆಯಿತು. ಅದರ ಕಾಲದಲ್ಲಿ ಎದ್ದ ಉಕ್ಕು, ಪೆಟ್ರೋಕೆಮಿಕಲ್ ಸ್ಥಾವರಗಳನ್ನು ಅಲ್ಲಿನವರು 'ಮರುಭೂಮಿಯ ಮಹಾಮಂದಿರಗಳು' ಎಂದು ಹಂಗಿಸಿದರು. ಒಳಗೆ ಎಲ್ಲ ಉಂಟು, ಗೇಟಿನಾಚೆ ಒಂದು ಬೋಲ್ಟು ಮಾಡುವವನಿಲ್ಲ. ಜೋಯಾ ಟೌರೋದಲ್ಲಂತೂ ಉಕ್ಕಿನ ಸ್ಥಾವರಕ್ಕೆಂದು ಬಂದರು ತೋಡಿದರು, ಸ್ಥಾವರವೇ ಬರಲಿಲ್ಲ. 1990ರ ದಶಕದಲ್ಲಿ ಅದು ಕಂಟೇನರ್ ಬಂದರಾಗಿ ಬದುಕಿಕೊಂಡಿತು.

ಹಾಗಾದರೆ ಸಣ್ಣ ಸಂಸ್ಥೆಗಳು ಕಲಿಯುವಂತೆ ಮಾಡುವುದು ಹೇಗೆ? ಎಲ್ಲ ನೀತಿ ಪತ್ರಗಳಲ್ಲೂ ಉತ್ತರ ಒಂದೇ: ಯಂತ್ರಗಳನ್ನು ಹಂಚಿಕೊಂಡು ಬಳಸುವ ಸಾಮಾನ್ಯ ಸೌಲಭ್ಯ ಕೇಂದ್ರ, ಒಂದೇ ಬಗೆಯ ಉದ್ದಿಮೆಗಳು ಒಂದೆಡೆ ಸೇರಿದ ಕ್ಲಸ್ಟರು, ನಾವೀನ್ಯತಾ ಕೇಂದ್ರ. ಉತ್ತರ ತಪ್ಪಲ್ಲ. ಕಟ್ಟುವವರು ಬಂಡವಾಳ ವೆಚ್ಚ ಮಾತ್ರ ಲೆಕ್ಕ ಹಾಕುತ್ತಾರೆ, ಕೇಂದ್ರ ಸಾಯುವುದು ಆವರ್ತಕ ವೆಚ್ಚದಲ್ಲಿ, ಅಂದರೆ ದಿನನಿತ್ಯ ನಡೆಸುವ ಖರ್ಚಿನಲ್ಲಿ. ಒಂದು ಯಂತ್ರ ಹಿಡಿದು ಹೇಳುತ್ತೇನೆ. ಯಂತ್ರದ ಬಿಡಿಭಾಗ ಮಾಡುವ ಕಡೆ ಹಂಚಿಕೊಳ್ಳಲು ಮೊದಲು ತರಿಸುವುದು ಸಿಎಂಎಂ ಎಂಬ ಅಳತೆ ಯಂತ್ರ. ಗ್ರಾನೈಟ್ ಹಾಸಿನ ಮೇಲೆ ಮೂರು ದಿಕ್ಕಿಗೆ ಸರಿಯುವ ತೋಳು, ತುದಿಯಲ್ಲಿ ಮಾಣಿಕ್ಯದ ಪುಟ್ಟ ಗುಂಡು. ಅದು ಬಿಡಿಭಾಗವನ್ನು ಮುಟ್ಟಿ ಮುಟ್ಟಿ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಲೆಕ್ಕದಲ್ಲಿ ಅಳೆಯುತ್ತದೆ. ಉದ್ಘಾಟನೆಯ ದಿನ ರಿಬ್ಬನ್ ಕತ್ತರಿಸುವುದು ಇದರ ಮುಂದೆಯೇ.

ಅಳತೆಗೆ ಜಗತ್ತಿನಲ್ಲೆಲ್ಲ ಒಪ್ಪಿದ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್. ಉಕ್ಕು ಒಂದು ಡಿಗ್ರಿಗೆ, ಒಂದು ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಕೋಣೆ 28 ಡಿಗ್ರಿ ಇದ್ದು, ಬಿಡಿಭಾಗ ಅರ್ಧ ಮೀಟರ್ ಉದ್ದವಿದ್ದರೆ 46 ಮೈಕ್ರಾನ್ ಉದ್ದವಾಗಿರುತ್ತದೆ. ಗಿರಾಕಿ ಒಪ್ಪುವ ವ್ಯತ್ಯಾಸ 20 ಮೈಕ್ರಾನ್ ಆಗಿದ್ದರೆ ಒಳ್ಳೆಯ ಮಾಲು ತಿರಸ್ಕಾರವಾಗುತ್ತದೆ, ಕೆಟ್ಟದ್ದು ಪಾಸಾಗುತ್ತದೆ. ಸಾಫ್ಟ್‌ವೇರ್ ಸರಿದೂಗಿಸುತ್ತದೆ ಎನ್ನುವವರಿದ್ದಾರೆ. ಸರಿದೂಗಿಸುತ್ತದೆ, ಬಿಡಿಭಾಗದ ಮೈಯ ಉಷ್ಣಾಂಶ ಎಷ್ಟೆಂದು ಅದಕ್ಕೆ ಯಾರಾದರೂ ಹೇಳಿದರೆ, ಮತ್ತು ಒಳಗೂ ಹೊರಗೂ ಒಂದೇ ಉಷ್ಣಾಂಶವಿದ್ದರೆ. ಲೇತಿನಿಂದ ಬಿಸಿಬಿಸಿ ತಂದ ಭಾಗವನ್ನು ಕೋಣೆಯಲ್ಲಿ ಗಂಟೆಗಟ್ಟಲೆ ತಣ್ಣಗಾಗಲು ಇಟ್ಟು ಆಮೇಲೆ ಅಳೆಯಬೇಕು. ಅಂದರೆ ಹವಾನಿಯಂತ್ರಣ ರಾತ್ರಿಯೂ ಓಡಬೇಕು. ಕರೆಂಟು ಬಿಲ್ಲು ಉಳಿಸಲು ಸಂಜೆ ಆರಕ್ಕೆ ಆರಿಸಿ ಬೆಳಿಗ್ಗೆ ಒಂಬತ್ತಕ್ಕೆ ಹಚ್ಚುವ ಕೇಂದ್ರದಲ್ಲಿ ಮಧ್ಯಾಹ್ನದವರೆಗಿನ ಅಳತೆಗೆ ಬೆಲೆಯಿಲ್ಲ. ತೋಳು ಗಾಳಿಯ ತೆಳು ಪದರದ ಮೇಲೆ ತೇಲುತ್ತದೆ. ಕಂಪ್ರೆಸರಿನ ಗಾಳಿಯಲ್ಲಿ ತೇವ ಅಥವಾ ಎಣ್ಣೆ ಬಂದರೆ ಬೇರಿಂಗ್ ಹಾಳು. ಡ್ರೈಯರ್, ಫಿಲ್ಟರ್‌ಗಳು ಚಿಕ್ಕ ಖರ್ಚು, ಅವನ್ನು ಬದಲಿಸಲು ಬಜೆಟ್ಟಿನಲ್ಲಿ ಬಾಬ್ತು ಇಲ್ಲದಿದ್ದರೆ ಯಂತ್ರವೇ ನಿಲ್ಲುತ್ತದೆ. ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್ ಆಗಬೇಕು. ಕೇಂದ್ರಕ್ಕೆ ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ/ಐಇಸಿ 17025 ಮಾನ್ಯತೆ ಇಲ್ಲದಿದ್ದರೆ ಅದರ ವರದಿಯನ್ನು ದೊಡ್ಡ ಗಿರಾಕಿಗಳು ಕೈಯಲ್ಲೂ ಹಿಡಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಆಪರೇಟರ್. ಒಂದೆರಡು ವರ್ಷದಲ್ಲಿ ಪಳಗಿದವನನ್ನು ಖಾಸಗಿ ಕಂಪನಿ ಹೆಚ್ಚಿನ ಸಂಬಳಕ್ಕೆ ಕರೆದೊಯ್ಯುತ್ತದೆ. ಒಂದರ್ಥದಲ್ಲಿ ಅದು ನೀತಿಯ ಯಶಸ್ಸೇ, ಕೌಶಲ ಪ್ರದೇಶದೊಳಗೇ ಹರಡಿತಲ್ಲ! ಆದರೆ ಬೆನ್ನಿಗೆ ಇನ್ನೊಬ್ಬ ತಯಾರಾಗುತ್ತಿರಬೇಕು, ಅಂದರೆ ಒಬ್ಬರಿಗೆ ಇಬ್ಬರ ಸಂಬಳ.

ಈಗ ದರದ ಕಡೆ ನೋಡಿ. ಒಂದು ಪಾಳಿ ಎಂದರೆ ತಿಂಗಳಿಗೆ 200 ಗಂಟೆ. ಪೂರ್ತಿ ಓಡಿದರೆ ಗಂಟೆಗೆ ಬೀಳುವ ಸ್ಥಿರ ವೆಚ್ಚ ಒಂದು ಎನ್ನಿ. ಬೇಡಿಕೆ 60 ಗಂಟೆ ಮಾತ್ರ ಬಂದರೆ ಅದು ಮೂರು ಪಟ್ಟು ದಾಟುತ್ತದೆ. 'ಕೇಂದ್ರ ಸ್ವಾವಲಂಬಿಯಾಗಬೇಕು' ಎಂಬ ಆದೇಶ ಬಂದರೆ ದರ ಮೂರು ಪಟ್ಟಾಗುತ್ತದೆ, ಸಣ್ಣವರು ಬರುವುದು ಬಿಡುತ್ತಾರೆ, 60 ಗಂಟೆ 25ಕ್ಕೆ ಇಳಿಯುತ್ತದೆ, ದರ ಇನ್ನೂ ಏರಬೇಕಾಗುತ್ತದೆ. ಇದಕ್ಕೆ ಕೊನೆಯಿಲ್ಲ. ಅತ್ತ ಪೂರ್ತಿ ವೆಚ್ಚವನ್ನು ಸರ್ಕಾರವೇ ಹೊತ್ತರೆ ಗಿರಾಕಿ ಬರಲಿ ಬಿಡಲಿ ಕೇಂದ್ರದವರಿಗೆ ಚಿಂತೆಯಿಲ್ಲ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಈ ಇಕ್ಕಟ್ಟಿಗೆ ಮಾಡಿಕೊಂಡ ಏರ್ಪಾಡು ಜಗತ್ತಿಗೇ ಗೊತ್ತಿರುವಂಥದ್ದು: ಆದಾಯದ ಸುಮಾರು ಮೂರನೇ ಒಂದು ಭಾಗ ಸರ್ಕಾರದ ಮೂಲ ಅನುದಾನ, ಉಳಿದದ್ದನ್ನು ಉದ್ದಿಮೆಗಳ ಗುತ್ತಿಗೆ ಮತ್ತು ಸ್ಪರ್ಧೆಯಲ್ಲಿ ಗೆದ್ದ ಯೋಜನೆಗಳಿಂದ ದುಡಿಯಬೇಕು. ಚಿಕ್ಕ ಕೇಂದ್ರಕ್ಕೂ ಇದೇ ಸೂತ್ರ ಇಳಿಸಬಹುದು. ಐವತ್ತಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳಿಂದ ಕೇಂದ್ರ ದುಡಿದ ಪ್ರತಿ ಎರಡು ರೂಪಾಯಿಗೆ ಸರ್ಕಾರದಿಂದ ಒಂದು. ಮೊದಲ ಮೂರು ವರ್ಷ ಮಾತ್ರ, ಗಿರಾಕಿ ಬಳಗ ಕಟ್ಟಿಕೊಳ್ಳುವವರೆಗೆ, ಅನುಪಾತ ತಲೆಕೆಳಗಾಗಿರಲಿ. ಅನುದಾನ ಗಿರಾಕಿಯ ಹಿಂದೆ ಹೋಗುವುದರಿಂದ, ಯಾವ ಯಂತ್ರ ತರಿಸಬೇಕು ಎನ್ನುವುದನ್ನು ಟೆಂಡರ್ ಸಮಿತಿಗಿಂತ ಚೆನ್ನಾಗಿ ಗಿರಾಕಿಯೇ ಹೇಳುತ್ತಾನೆ.

ಹಣವನ್ನು ಕೇಂದ್ರದ ಬದಲು ಸಂಸ್ಥೆಯ ಕೈಗೇ ಚೀಟಿಯ ರೂಪದಲ್ಲಿ ಕೊಡುವ ಕ್ರಮವೂ ಇದೆ. ನೆದರ್ಲೆಂಡ್ಸ್ 2004ರಲ್ಲಿ ಸಣ್ಣ ಉದ್ದಿಮೆಗಳಿಗೆ 7,500 ಯೂರೋಗಳ ನಾವೀನ್ಯತಾ ಚೀಟಿ ಕೊಟ್ಟಿತು. ವಿಶ್ವವಿದ್ಯಾಲಯದಲ್ಲೋ ಸಂಶೋಧನಾ ಸಂಸ್ಥೆಯಲ್ಲೋ ತಮ್ಮ ಸಮಸ್ಯೆಯೊಂದನ್ನು ಬಿಡಿಸಿಕೊಳ್ಳಲು ಅದನ್ನು ಬಳಸಬಹುದಿತ್ತು. ಅರ್ಜಿಗಳು ಹೆಚ್ಚಾದ್ದರಿಂದ ಲಾಟರಿ ಎತ್ತಿದರು. ಹಾಗಾಗಿ ಚೀಟಿ ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಲು ಬಂತು. ಹತ್ತು ಚೀಟಿಗಳಲ್ಲಿ ಎಂಟು, ಚೀಟಿಯಿಲ್ಲದಿದ್ದರೆ ನಡೆಯುತ್ತಲೇ ಇರದ ಕೆಲಸಕ್ಕೆ ಹೋದವು. ಒಂದು ಹೇಗಿದ್ದರೂ ನಡೆಯುತ್ತಿದ್ದ ಕೆಲಸಕ್ಕೆ, ಇನ್ನೊಂದು ಬಳಕೆಯೇ ಆಗಲಿಲ್ಲ. ಬಾರ್ಟಿಕ್ ಹೇಳಿದ ಶೇ 2ರಿಂದ 25ರ ಪಕ್ಕದಲ್ಲಿ ಇದನ್ನಿಡಬೇಕೆಂಬ ಆಸೆ ಆಗುತ್ತದೆ, ಆದರೆ ಅದು ಉದ್ಯೋಗದ ಲೆಕ್ಕ, ಇದು ಗುತ್ತಿಗೆ ಕೆಲಸದ ಲೆಕ್ಕ, ನೇರ ಹೋಲಿಕೆ ಸಲ್ಲದು. ಮ್ಯಾಂಚೆಸ್ಟರಿನಲ್ಲಿ ಲಾಟರಿ ಎತ್ತಿಯೇ ಕೊಟ್ಟ ಇಂಥದೇ ಚೀಟಿಗಳಿಂದ ಮೊದಲ ತಿಂಗಳುಗಳಲ್ಲಿ ಕಂಡ ಲಾಭ ವರ್ಷ ಕಳೆಯುವ ಹೊತ್ತಿಗೆ ಮಾಸಿಹೋಗಿತ್ತು. ಚೀಟಿ ಬಾಗಿಲು ತಟ್ಟಿಸುತ್ತದೆ ಅಷ್ಟೆ, ಒಳಗೆ ಕೂತು ಮಾತಾಡುವ ಅಭ್ಯಾಸ ಬೀಳಲು ಎರಡನೇ ಮೂರನೇ ಸಲ ಹೋಗಬೇಕು. ಲಾಟರಿಯ ವಿಷಯದಲ್ಲಿ ಅಧಿಕಾರಿಗಳಿಗೆ ಮುಜುಗರವಿದೆ, ಅರ್ಹರನ್ನು ಆರಿಸುವುದು ಬಿಟ್ಟು ಜೂಜೇ ಎಂದು. ಅರ್ಹತೆಯ ಗೆರೆ ದಾಟಿದವರ ಸಂಖ್ಯೆ ಹಣಕ್ಕಿಂತ ಹೆಚ್ಚಿದ್ದಾಗ ಲಾಟರಿಗಿಂತ ನ್ಯಾಯವಾದದ್ದು ಯಾವುದಿದೆ? ಜೊತೆಗೆ, ಯೋಜನೆ ಕೆಲಸ ಮಾಡಿತೋ ಇಲ್ಲವೋ ಎಂಬ ಉತ್ತರ ಪುಕ್ಕಟೆಯಾಗಿ ಸಿಗುತ್ತದೆ.

ಯಾವ ಉದ್ದಿಮೆಗೆ ಒತ್ತು ಎಂಬ ಪ್ರಶ್ನೆಯನ್ನು ಬೇಗ ಮುಗಿಸುತ್ತೇನೆ. 2014–2020ರ ಅವಧಿಗೆ ಯುರೋಪಿಯನ್ ಒಕ್ಕೂಟ ತನ್ನ ಪ್ರದೇಶಗಳಿಗೆ, ನಿಮ್ಮ ಸ್ವಂತ ಬಲ ಯಾವುದೆಂದು ಗುರುತಿಸಿ ಯೋಜನೆ ಬರೆಯದೆ ನಾವೀನ್ಯತೆಯ ಹಣವಿಲ್ಲ ಎಂದಿತು. ಬಂದ ಯೋಜನೆಗಳಲ್ಲಿ ಬಹಳಷ್ಟು ಒಂದನ್ನೊಂದು ಹೋಲುತ್ತಿದ್ದವು: ಮಾಹಿತಿ ತಂತ್ರಜ್ಞಾನ, ಆರೋಗ್ಯ, ಇಂಧನ, ಆಹಾರ ಸಂಸ್ಕರಣೆ. ಎಲ್ಲರೂ ಪರಿಣತರಾಗಲು ಹೊರಟದ್ದು ಎಲ್ಲದರಲ್ಲೂ! ಇದನ್ನು ತಪ್ಪಿಸಲು ಒಂದು ಸರಳ ಅಳತೆಗೋಲಿದೆ. ಪ್ರದೇಶದ 2 ಲಕ್ಷ ಕಾರ್ಮಿಕರಲ್ಲಿ 6,000 ಮಂದಿ ಪಂಪು ತಯಾರಿಕೆಯಲ್ಲಿದ್ದರೆ ಅದು ಶೇ 3. ದೇಶದಲ್ಲಿ ಆ ಪಾಲು ಶೇ 0.5 ಆಗಿದ್ದರೆ ಮೂರನ್ನು ಅರ್ಧದಿಂದ ಭಾಗಿಸಿ, ಉತ್ತರ 6. ಒಂದಕ್ಕಿಂತ ಎಷ್ಟು ಮೇಲಿದೆಯೋ ಅಷ್ಟು ವಿಶೇಷತೆ. ಆದರೆ ಆ 6,000 ಮಂದಿ ಒಂದೇ ಕಾರ್ಖಾನೆಯಲ್ಲಿದ್ದರೂ ಉತ್ತರ ಆರೇ ಬರುತ್ತದೆ. ಅದು ಕ್ಲಸ್ಟರಲ್ಲ, ಒಬ್ಬ ಯಜಮಾನನ ಮೇಲಿನ ಅವಲಂಬನೆ. ಆದ್ದರಿಂದ ಪಕ್ಕದಲ್ಲಿ ಸಂಸ್ಥೆಗಳ ಸಂಖ್ಯೆಯನ್ನೂ ಬರೆದುಕೊಳ್ಳಬೇಕು. ಮುಂದಿನ ಹೆಜ್ಜೆ ಪಂಪಿನಿಂದ ಕಂಪ್ಯೂಟರ್ ಚಿಪ್‌ಗೆ ಹಾರುವುದಲ್ಲ. ಎರಕ, ಮೋಟಾರು, ಸೀಲು, ವಾಲ್ವು ಬಲ್ಲವರು ಕಂಪ್ರೆಸರಿಗೋ ಅಳತೆ ಸಾಧನಕ್ಕೋ ಹೋಗುವುದು ಸುಲಭ, ಬೇಕಾದ ಅರ್ಧ ಕೈಚಳಕ ಆಗಲೇ ಊರಲ್ಲಿರುತ್ತದೆ.

ತೈವಾನ್ ಹಾಗೆ ಚಿಪ್‌ಗೆ ಹಾರಲಿಲ್ಲವೇ ಎಂದು ಕೇಳುತ್ತಾರೆ. ತಾರೀಖುಗಳನ್ನು ಜೋಡಿಸಿ ನೋಡಿ. ಐಟಿಆರ್‌ಐ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ ಹುಟ್ಟಿದ್ದು 1973ರಲ್ಲಿ. 1976ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಿಂದ ಚಿಪ್ ತಂತ್ರಜ್ಞಾನ ತಂದು, ಎಂಜಿನಿಯರುಗಳ ತಂಡವನ್ನು ಅಲ್ಲಿಗೆ ಕಲಿಯಲು ಕಳಿಸಿದರು. 1980ರಲ್ಲಿ ಐಟಿಆರ್‌ಐ ಮಡಿಲಿಂದ ಯುಎಂಸಿ ಎಂಬ ಚಿಪ್ ಕಂಪನಿ ಹೊರಬಂತು, ಶಿಂಚು ವಿಜ್ಞಾನ ಉದ್ಯಾನ ತೆರೆಯಿತು. ಇಂದಿನ ಚಿಪ್ ದೈತ್ಯ ಟಿಎಸ್‌ಎಂಸಿ ಹುಟ್ಟಿದ್ದು 1987ರಲ್ಲಿ. ಹದಿನಾಲ್ಕು ವರ್ಷ, ಅದರಲ್ಲಿ ಮೊದಲ ಏಳು ವರ್ಷ ಉದ್ಯಾನವೇ ಇರಲಿಲ್ಲ, ಜನ ತಯಾರಾಗುತ್ತಿದ್ದರು. ನಮಗೆ ಬೇಗ ಕಣ್ಣಿಗೆ ಬೀಳುವುದು ಉದ್ಯಾನದ ಗೇಟು, ಅದನ್ನೇ ಮೊದಲು ಕಟ್ಟುತ್ತೇವೆ. ಉತ್ತರ ಕೆರೊಲಿನಾದ ರಿಸರ್ಚ್ ಟ್ರಯಾಂಗಲ್ ಪಾರ್ಕ್ 1959ರಲ್ಲಿ ಆರಂಭವಾಯಿತು, ಐಬಿಎಂ ಬರುವುದಾಗಿ ಘೋಷಿಸಿದ್ದು 1965ರಲ್ಲಿ. ಐದು ವರ್ಷಕ್ಕೊಮ್ಮೆ ಚುನಾವಣೆ ಎದುರಿಸುವವರಿಗೆ ಆ ಆರು ವರ್ಷ ಸೋಲಿನಂತೆಯೇ ಕಂಡಿರುತ್ತದೆ.

ಹಣವೇ ಬೇಡದ ನೀತಿಗಳೂ ಇವೆ, ಅವುಗಳ ಸುದ್ದಿ ಯಾರೂ ಎತ್ತುವುದಿಲ್ಲ. ಕೆಲಸ ಬಿಟ್ಟವನು ಪ್ರತಿಸ್ಪರ್ಧಿ ಕಂಪನಿ ಸೇರಬಾರದು ಎಂಬ ಕರಾರಿಗೆ ಕ್ಯಾಲಿಫೋರ್ನಿಯಾದ ಕಾನೂನು 1872ರಿಂದಲೇ ಬೆಲೆ ಕೊಡುವುದಿಲ್ಲ. ಬಾಸ್ಟನ್ ಸುತ್ತ ತಂತ್ರಜ್ಞಾನ ಕಂಪನಿಗಳು ಸಾಲಾಗಿ ನಿಂತ ರೂಟ್ 128 ಹೆದ್ದಾರಿ ಇರುವ ಮ್ಯಾಸಚೂಸೆಟ್ಸ್‌ನಲ್ಲಿ ಅಂಥ ಕರಾರು ನಡೆಯುತ್ತಿತ್ತು. ಸಿಲಿಕಾನ್ ವ್ಯಾಲಿ ಮುಂದೆ ಹೋದದ್ದಕ್ಕೆ ಇದೊಂದೇ ಕಾರಣವಲ್ಲ, ಆದರೆ ಎಂಜಿನಿಯರ್ ಕಂಪನಿ ಬದಲಿಸಿದಾಗೆಲ್ಲ ಅವನ ತಲೆಯೊಳಗಿನದೂ ಜೊತೆಗೆ ಹೋಗುತ್ತಿತ್ತು ಎಂಬುದು ಖಚಿತ. ತದ್ವಿರುದ್ಧವಾಗಿ, ಬೆಲೆಯನ್ನು ಕೈಯಿಂದ ತಿರುಚಿದರೆ ಪ್ರದೇಶವೊಂದು ಹೇಗೆ ಬಡವಾಗುತ್ತದೆ ಎಂಬುದಕ್ಕೆ ನಮ್ಮದೇ ಸಾಗಣೆ ವೆಚ್ಚ ಸಮೀಕರಣ ನೀತಿ ಇದೆ. 1950ರ ದಶಕದಿಂದ 1990ರ ದಶಕದ ಆರಂಭದವರೆಗೆ ಉಕ್ಕಿಗೆ ದೇಶದಲ್ಲೆಲ್ಲ ಒಂದೇ ದರವಿತ್ತು. ಅದಿರು, ಕಲ್ಲಿದ್ದಲಿನ ಪಕ್ಕದಲ್ಲೇ ಇದ್ದ ಬಿಹಾರ, ಬಂಗಾಳ, ಒಡಿಶಾಗಳಿಗೆ ತಮ್ಮ ಜಾಗದ ಅನುಕೂಲವೇ ಇಲ್ಲವಾಯಿತು. ದೂರದ ರಾಜ್ಯಗಳಿಗೆ ಉಕ್ಕು ಸಾಗಿಸುವ ಸಬ್ಸಿಡಿ ಸಿಕ್ಕಿತು, ಅವುಗಳಲ್ಲಿ ಬೆಳೆಯುವ ಹತ್ತಿಗೆ ಮಾತ್ರ ಅಂಥ ಸಮದರ ಇರಲಿಲ್ಲ.

ಸಂಪಾದಕರೇ, ಮುಂದಿನ ಬಾರಿ ಹೂಡಿಕೆಯ ಸುದ್ದಿ ಬಂದಾಗ ನಿಮ್ಮ ವರದಿಗಾರರು ಪತ್ರಿಕಾಗೋಷ್ಠಿಯಲ್ಲಿ ಕೆಲವನ್ನು ಕೇಳಿ, ಸಿಕ್ಕ ಉತ್ತರವನ್ನು ಮುಖ್ಯ ವರದಿಯ ಪಕ್ಕದ ಚೌಕದಲ್ಲಿ ಅಚ್ಚು ಹಾಕಲಿ, ಉತ್ತರ ಸಿಗದಿದ್ದರೆ ಆ ಜಾಗ ಖಾಲಿ ಬಿಡಲಿ. ಭೂಮಿಯ ರಿಯಾಯಿತಿ, ಮನ್ನಾ ಆದ ತೆರಿಗೆ ಎಲ್ಲ ಕೂಡಿ ಸರ್ಕಾರದ ಒಟ್ಟು ಹೊರೆ ಎಷ್ಟು, ಎಷ್ಟು ವರ್ಷಕ್ಕೆ? ಅರ್ಜಿ ಬಂದದ್ದು ಕಾಮಗಾರಿಗೆ ಮೊದಲೋ ಆಮೇಲೋ? ಇದೇ ಕಂಪನಿ ಬೇರೆಲ್ಲಿ ಘಟಕ ಮುಚ್ಚುತ್ತಿದೆ? ಉದ್ಯೋಗ ಎಣಿಸುವುದು ಯಾವ ದಾಖಲೆಯಿಂದ, ಯಾವ ತಾರೀಖಿಗೆ? ಗುರಿ ತಪ್ಪಿದರೆ ಹಣ ವಸೂಲಾಗುವುದು ಹೇಗೆ, ಮತ್ತು ಮುಂಗಡವಾಗಿ ರಸ್ತೆ, ನೀರು ಮಾಡಿಕೊಟ್ಟ ಪಂಚಾಯಿತಿಗೆ ಅದರಲ್ಲಿ ಪಾಲಿದೆಯೇ? ಐದು ವರ್ಷದ ನಂತರ ಅದೇ ತಾರೀಖಿಗೆ ಅದೇ ಚೌಕವನ್ನು ತೆಗೆದು, ಪಕ್ಕದಲ್ಲಿ ಆ ದಿನದ ಅಂಕಿ ಹಾಕಿ ಮತ್ತೆ ಮುದ್ರಿಸಿ. ಹಳೆಯ ಸಂಚಿಕೆಗಳು ನಿಮ್ಮ ಕಪಾಟಿನಲ್ಲೇ ಇರುತ್ತವಲ್ಲ.

ಇಂತಿ,
ನಿಮ್ಮ ಓದುಗ